ಎರವಲು ಕುರ್ಚಿಯ ಮೇಲೆ ಕೂತ ಸಮಿತಿ

ತೆಕ್ಕಟ್ಟೆಯ ರಾಜೀವಿಗೆ ಸಿಟ್ಟು ಬರಲು ಕಾರಣವೇ ಬೇಕಾಗಿರಲಿಲ್ಲ ಎಂದು ಊರಿನವರು ಈಗಲೂ ಹೇಳುತ್ತಾರೆ. ಅದು ಶುದ್ಧ ಸುಳ್ಳು. ಕಾರಣಗಳು ದಿನಾ ಬೆಳಗ್ಗೆ ಎಂಟೂಕಾಲರ ಬಸ್ಸಿಗೆ ಅವಳ ಜೊತೆಯೇ ಹತ್ತುತ್ತಿದ್ದವು, ಕುಂದಾಪುರದಲ್ಲಿ ಅವಳ ಜೊತೆಯೇ ಇಳಿಯುತ್ತಿದ್ದವು. ಆ ಕೆಲಸವನ್ನು ಅಷ್ಟು ವರ್ಷ ಮಾಡಿಯೂ ಸಿಟ್ಟು ಬಾರದವರು ಯಾರಾದರೂ ಇದ್ದರೆ ಅವರನ್ನು ಮೊದಲು ಡಾಕ್ಟರಿಗೆ ತೋರಿಸಬೇಕು.

ಕೆಲಸವೆಂದರೆ ಜೋಡಿಸುವುದು. ಕೊಡುವವರು ಒಂದು ಕಡೆ, ಬೇಕಾದವರು ಇನ್ನೊಂದು ಕಡೆ, ನಡುವೆ ಒಂದು ಕೊಡೆ ಮತ್ತು ಬಟ್ಟೆಯ ಚೀಲ ಹಿಡಿದ ರಾಜೀವಿ.

ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಸೇವೆ ಮಾಡುವವರಿಗೆ ಎಂದೂ ಬರಗಾಲವಿರಲಿಲ್ಲ. ಕ್ಲಬ್ಬುಗಳಿದ್ದವು, ಯುವಕ ಮಂಡಲ, ಮಹಿಳಾ ಮಂಡಲಗಳಿದ್ದವು, ಇಗರ್ಜಿಯ ಹೆಂಗಸರ ಸಂಘವಿತ್ತು, ಬ್ಯಾಂಕ್ ನೌಕರರದ್ದೊಂದು, ಡಾಕ್ಟರುಗಳದ್ದೊಂದು, ಮುಂಬೈಯ ಹೋಟೆಲಿನವರು ಊರಿನ ಹೆಸರಲ್ಲಿ ಕಟ್ಟಿಕೊಂಡದ್ದೊಂದು. ಎಲ್ಲರಿಗೂ ಒಳ್ಳೆಯ ಮನಸ್ಸು, ಎಲ್ಲರ ಹತ್ತಿರವೂ ಬ್ಯಾನರು. ತೊಂದರೆ ಒಂದೇ. ಎಲ್ಲರ ಜೀಪೂ ಹೆದ್ದಾರಿಯಿಂದ ಕಾಣುವ ಮನೆಯ ಎದುರೇ ನಿಲ್ಲುತ್ತಿತ್ತು. ಕುಂಭಾಶಿಯ ಹತ್ತಿರ ಕಣ್ಣು ಕಾಣದ ಒಬ್ಬ ಮುದುಕನಿಗೆ ಒಂದೇ ಮಳೆಗಾಲದಲ್ಲಿ ಏಳು ಕಂಬಳಿ ಸಿಕ್ಕಿತು. ಎಂಟನೆಯದನ್ನು ಹಿಡಿದುಕೊಂಡು ಬಂದವರಿಗೆ ಆತ, "ಹ್ವಾಯ್, ಒಂದ್ ಚಾಪಿ ಇದ್ರೆ ಕೊಡಿ ಮಾರಾಯ್ರೆ, ಸೆಕಿ ಆತ್ತ್" ಎಂದನಂತೆ. ಅದೇ ವಾರ ಅಲ್ಲಿಂದ ಎರಡು ಮೈಲಿ ಒಳಗೆ, ಜೀಪು ಹೋಗದ ಗದ್ದೆಯಂಚಿನ ಮನೆಯಲ್ಲಿ, ಬಾಣಂತಿಯೊಬ್ಬಳು ಗೋಣಿ ಹೊದ್ದು ಮಲಗಿದ್ದಳು.

1997ರಲ್ಲಿ ಉಡುಪಿ ಬೇರೆ ಜಿಲ್ಲೆಯಾಯಿತು. ಯಾವ ಕಾಗದಕ್ಕೆ ಯಾವ ಊರಿನ ಮೆಟ್ಟಿಲು ಹತ್ತಬೇಕೆಂದು ಒಂದಷ್ಟು ದಿನ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಆ ಗಲಿಬಿಲಿಯಲ್ಲಿ ಹನ್ನೊಂದು ಸಂಸ್ಥೆಗಳ ಅಧ್ಯಕ್ಷರು ಒಂದು ಸಂಜೆ ಕೂತು ಅಂಬಡೆ ತಿಂದು, 'ಸೇವಾ ಸಂಸ್ಥೆಗಳ ಸಮನ್ವಯ ಕೂಟ' ಎಂಬುದನ್ನು ಹುಟ್ಟಿಸಿದರು. ಯಾರು ಯಾರಿಗೆ ಏನು ಕೊಟ್ಟರು ಎಂಬುದು ಇನ್ನು ಒಂದೇ ಪುಸ್ತಕದಲ್ಲಿರಬೇಕು, ಯಾರಿಗೆ ಏನು ಬೇಕು ಎಂಬುದನ್ನು ಮನೆಮನೆಗೆ ಹೋಗಿ ಕೇಳಿ ಬರಬೇಕು. ಹೋಗುವವರು ಯಾರು? ಅಧ್ಯಕ್ಷರಿಗೆ ಪುರುಸೊತ್ತಿಲ್ಲ. ಬಾಲವಾಡಿಯಲ್ಲಿ ಟೀಚರಾಗಿದ್ದ, ಗಟ್ಟಿ ಗಂಟಲಿನ, ಗಂಡ ಶೇಖರ ಮುಂಬೈಯ ಹೋಟೆಲಿನಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕೂರುವ ಕಾರಣ ಮನೆಯಲ್ಲಿ ಹೆಚ್ಚು ಕೆಲಸವಿಲ್ಲದ ರಾಜೀವಿಯನ್ನು ಸಂಯೋಜಕಿ ಎಂದು ನೇಮಿಸಿದರು. ಕುಂದಾಪುರದಲ್ಲಿ ಒಂದು ಮಹಡಿಯ ಕೋಣೆ, ಒಂದು ಮೇಜು, ಒಂದು ರಬ್ಬರ್ ಸ್ಟಾಂಪು, ಬೀಗ ಹಾಕಿದ ಒಂದು ಫೋನು. ಕೂಟ ಎಂದರೆ ಇಷ್ಟೇ.

ಮೊದಲ ಮೂರು ಸಭೆಗಳು ಬ್ಯಾನರಿನಲ್ಲಿ ಯಾರ ಹೆಸರು ಮೊದಲು ಬರಬೇಕೆಂಬುದರಲ್ಲಿ ಮುಗಿದವು. ಕೊನೆಗೆ ಅಕ್ಷರಮಾಲೆಯ ಪ್ರಕಾರ ಎಂದು ತೀರ್ಮಾನವಾಯಿತು. ಮುಂದಿನ ತಿಂಗಳು ಒಂದು ಯುವಕ ಮಂಡಲ ತನ್ನ ಹೆಸರಿನ ಮೊದಲಿಗೆ 'ಅಖಿಲ' ಎಂದು ಸೇರಿಸಿಕೊಂಡು ಬಂತು. ರಾಜೀವಿ ಆ ದಿನ ಮನೆಗೆ ಹೋಗಿ ತಲೆಗೆ ಎಣ್ಣೆ ಹಾಕಿಕೊಂಡು ಅರ್ಧ ಗಂಟೆ ಸುಮ್ಮನೆ ಕೂತಿದ್ದಳು.

ಕೊಡುವವರ ಚಂದ ಇದಾದರೆ ತೆಗೆದುಕೊಳ್ಳಬೇಕಾದವರದ್ದು ಇನ್ನೂ ಚಂದ. ಇಡೀ ಬೇಸಗೆ ಅವಳು ಮರವಂತೆಯಿಂದ ಶಿರೂರಿನವರೆಗೆ ಬಾಗಿಲು ತಟ್ಟಿದಳು. ಎಲ್ಲ ಕಡೆ ಒಂದೇ ಉತ್ತರ. "ನಮ್ಗ್ ಎಂತ ಬೇಡ ಅಕ್ಕ, ದೇವ್ರ್ ಕೊಟ್ಟದ್ದ್ ಇತ್ತ್. ಪಾಪ, ಆಚಿಮನಿಯರಿಗೆ ಎಂತಾರೂ ಕೊಡಿ." ಆಚೆಮನೆಗೆ ಹೋದರೆ ಅವರು ಈಚೆಮನೆಯತ್ತ ಕೈ ತೋರಿಸುತ್ತಿದ್ದರು. ಸೂರಿನ ಹೆಂಚು ಹಾರಿಹೋಗಿ ಒಲೆಯ ಮೇಲೆ ಆಕಾಶ ಕಾಣುವ ಮನೆಯ ಹೆಂಗಸು ಕೂಡ ಬೆಲ್ಲ ನೀರು ಕೊಟ್ಟು, ಎಲೆಅಡಿಕೆ ಕೊಟ್ಟು, ಎಂತ ಬೇಡ ಎಂದಳು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ರಾಜೀವಿ ಬೈದುಕೊಂಡಳು. ಬೈಯುತ್ತಲೇ ತನ್ನ ಪುಸ್ತಕದಲ್ಲಿ, 'ಹೆಂಚು ಬೇಕು, ಕೇಳುವುದಿಲ್ಲ' ಎಂದು ಬರೆದುಕೊಂಡಳು.

ಈ ಎರಡು ಕಷ್ಟಗಳ ಮೇಲೆ ಮೂರನೆಯದನ್ನು ತಂದು ಕೂರಿಸಿದವರು ರವಿಚಂದ್ರ. ಕುಂದಾಪುರ ಪೇಟೆಯಲ್ಲಿ ಬಟ್ಟೆ ಅಂಗಡಿ, ಅಳತೆಯಲ್ಲಿ ಅರ್ಧ ಇಂಚು ತಪ್ಪದ ಮನುಷ್ಯ. ಹಿಂದೊಮ್ಮೆ ಅವರ ಕ್ಲಬ್ಬು ಬಡವನೆಂದು ಹೊಲಿಗೆ ಯಂತ್ರ ಕೊಟ್ಟವನಿಗೆ ಎರಡು ಲಾರಿ ಇದ್ದದ್ದು ಆಮೇಲೆ ಗೊತ್ತಾಗಿ ಅವರಿಗೆ ದೊಡ್ಡ ಅವಮಾನವಾಗಿತ್ತು. ಹಾಗಾಗಿ ಕೂಟದಲ್ಲಿ 'ಮನೆ ಭೇಟಿ ಸಮಿತಿ' ಎಂದು ಮಾಡಿ, ತಾವೇ ಅದರ ಮುಖ್ಯಸ್ಥರಾಗಿ, ಒಂದು ಫಾರಮನ್ನು ಅಚ್ಚು ಹಾಕಿಸಿದರು. ಮನೆಯಲ್ಲಿ ಕುರ್ಚಿ ಎಷ್ಟು, ಟಿ.ವಿ. ಇದೆಯೇ, ಮಿಕ್ಸಿ, ಫ್ಯಾನು, ಗಡಿಯಾರ? ಇದ್ದಷ್ಟೂ ಅಂಕ ಕಡಿಮೆ. ಒಂದು ಮಿತಿಗಿಂತ ಕೆಳಗಿಳಿದರೆ ಹೆಸರು ಹೊಡೆದು ಹಾಕುವುದು. ನ್ಯಾಯವಾದ ಫಾರಮು ಅದು. ನಮ್ಮ ಊರಿಗೆ ಮಾತ್ರ ಸಲ್ಲದು.

ಯಾಕೆಂದರೆ ನಮ್ಮಲ್ಲಿ ಮನೆಗೆ ದೊಡ್ಡವರು ಬರುತ್ತಾರೆಂದರೆ ಕೇರಿಗೆ ಕೇರಿಯೇ ಎದ್ದು ನಿಲ್ಲುತ್ತದೆ. ಒಬ್ಬರ ಮನೆಯ ಕುರ್ಚಿ, ಇನ್ನೊಬ್ಬರ ಮನೆಯ ಗಾಜಿನ ಲೋಟ, ಮತ್ತೊಬ್ಬರ ಮನೆಯ ಹೂವಿನ ಹೊದಿಕೆ ಎಲ್ಲ ಬೆಳಗ್ಗೆಯೇ ಬಂದು ಆ ಮನೆಯಲ್ಲಿ ಕೂತಿರುತ್ತವೆ. ಹೆಣ್ಣು ನೋಡಲು ಬಂದರೂ ಹಾಗೆ, ಮುಂಬೈಯಿಂದ ನೆಂಟರು ಬಂದರೂ ಹಾಗೆ. ಸಮಿತಿ ಬಂದರೂ ಹಾಗೆಯೇ! ರವಿಚಂದ್ರರು ಹೋದ ಮನೆಯಲ್ಲೆಲ್ಲ ಸಾಲಾಗಿ ಆರು ಕುರ್ಚಿ. ಅದರ ಮೇಲೆ ಕೂತು ಅದನ್ನೇ ಎಣಿಸಿ ಬರೆದುಕೊಂಡು ಅವರು ಹೊರಡುತ್ತಿದ್ದರು. ಜೀಪಿನ ಸದ್ದು ದೂರವಾದ ಮೇಲೆ ಕುರ್ಚಿಗಳು ಹೆಂಗಸರ ತಲೆಯೇರಿ ತಮ್ಮ ತಮ್ಮ ಮನೆಗೆ ಹೊರಡುತ್ತಿದ್ದವು.

ಇದರಲ್ಲಿ ಸಿಕ್ಕಿಬಿದ್ದವಳು ನಾವುಂದದ ಸುಗುಣ.

ಸುಗುಣ ಕಡಲ ಬದಿಯ ಕೇರಿಯವಳು, ಇಪ್ಪತ್ತಾರರ ಹೆಂಗಸು. ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರುತ್ತಿದ್ದಳು. ಒಬ್ಬಳೇ ಮಗಳು ಶ್ರೀಲತಾ. ಹುಟ್ಟಿದಂದಿನಿಂದ ಕಿವಿ ಕೇಳದು, ಹಾಗಾಗಿ ಮಾತೂ ಇಲ್ಲ. ಕಣ್ಣು ಮಾತ್ರ ಬಲು ಚುರುಕು. ಎದುರಿಗಿದ್ದವರ ಮುಖವನ್ನು ನೋಡಿಯೇ ಅವರ ಹೊಟ್ಟೆಯಲ್ಲಿದ್ದದ್ದನ್ನು ತಿಳಿದುಕೊಳ್ಳುತ್ತಿತ್ತು ಆ ಮಗು. ಕಿವುಡ ಮಕ್ಕಳ ಒಂದು ವಸತಿ ಶಾಲೆಯಲ್ಲಿ ಜಾಗ ಕೊಡುತ್ತೇವೆ ಎಂದಿದ್ದರು. ಕಿವಿಯ ಯಂತ್ರ ಮತ್ತು ಹಾಸ್ಟೆಲಿನ ಖರ್ಚನ್ನು ಕೂಟ ಹೊರಬೇಕು, ಅಷ್ಟೇ. ಆದರೆ ಏಳು ತುಂಬಿದ ಮಕ್ಕಳನ್ನು ಆ ಶಾಲೆ ಹೊಸದಾಗಿ ಸೇರಿಸಿಕೊಳ್ಳುತ್ತಿರಲಿಲ್ಲ. ಶ್ರೀಲತಾಳಿಗೆ ಆಗಲೇ ಆರು ಸಮೀಪಿಸಿತ್ತು.

ಇನ್ನೊಂದು ವಿಷಯ ರಾಜೀವಿಯೊಬ್ಬಳಿಗೇ ಗೊತ್ತು ಎಂದು ಅವಳು ತಿಳಿದುಕೊಂಡಿದ್ದಳು. ಸುಗುಣಳ ಗಂಡ ಮುತ್ತ ಮುಂಬೈಯಲ್ಲಿದ್ದಾನೆ, ತಿಂಗಳಿಗೊಮ್ಮೆ ಕಳಿಸುತ್ತಾನೆ ಎಂಬುದು ಕೇರಿಯ ಮಾತು. ಒಂದು ಮಧ್ಯಾಹ್ನ ಸುಗುಣ ಖಾಲಿ ಬುಟ್ಟಿ ಹಿಡಿದು ತೆಕ್ಕಟ್ಟೆಯವರೆಗೆ ಬಂದು, ರಾಜೀವಿಯ ಜಗಲಿಯಲ್ಲಿ ಕೂತು, ಮೂರು ವರ್ಷದಿಂದ ಗಂಡನ ಸುದ್ದಿಯೇ ಇಲ್ಲ, ಶೇಖರಣ್ಣನಿಗೆ ಹೇಳಿ ಒಮ್ಮೆ ಹುಡುಕಿಸಿ ಎಂದಳು. ಶೇಖರ ಹುಡುಕಿದ. ಮುತ್ತ ಭಾಂಡುಪಿನಲ್ಲಿ ಬೇರೆ ಸಂಸಾರ ಹೂಡಿದ್ದ, ಎರಡು ಮಕ್ಕಳೂ ಇದ್ದವು. ರಾಜೀವಿ ಅದನ್ನು ಹೇಳಿದಾಗ ಸುಗುಣ ಅಳಲಿಲ್ಲ. ಕೈ ಮುಂದೆ ಚಾಚಿ, "ಆನೆಗುಡ್ಡಿ ದೇವ್ರ್ ಮೇಲ್ ಆಣಿ ಹಾಕಿ ರಾಜೀವಕ್ಕ. ಇದ್ ನಿಮ್ ಬಾಯಿಂದ ಹೆರ್ಗೆ ಬಪ್ಕಾಗ" ಎಂದಳು. ಯಾರಿಗೂ ಹೇಳುವುದಿಲ್ಲವೆಂದು ರಾಜೀವಿ ಆ ಕೈಯ ಮೇಲೆ ಕೈಯಿಟ್ಟಳು.

2000ದ ಫೆಬ್ರವರಿಯಲ್ಲಿ ಸಮಿತಿ ಸುಗುಣಳ ಮನೆಗೆ ಹೋಯಿತು. ರವಿಚಂದ್ರ, ಬ್ರಹ್ಮಾವರದ ಮಹಿಳಾ ಮಂಡಲದ ಪ್ರಭಾವತಿ ಟೀಚರು ಮತ್ತು ರಾಜೀವಿ. ಬಾಗಿಲಲ್ಲಿ ಕಾಲಿಡುತ್ತಿದ್ದಂತೆ ರಾಜೀವಿ ಎಣಿಸಿದಳು. ಆರು ಕುರ್ಚಿ. ಗೋಡೆಯಲ್ಲಿ ಗಡಿಯಾರ. ಮೂಲೆಯಲ್ಲಿ, ಕಸೂತಿ ಬಟ್ಟೆ ಹೊದ್ದುಕೊಂಡು, ಟಿ.ವಿ.

"ಟಿ.ವಿ. ಸಹ ಇತ್ತಲ್ದಾ?" ಎಂದು ರವಿಚಂದ್ರ ಕೇಳಿದರು.

"ಇತ್ತ್ ಧನಿಗಳೆ," ಎಂದಳು ಸುಗುಣ, ಬೆನ್ನು ನೆಟ್ಟಗೆ ಮಾಡಿ. ಗಂಡನ ಬಗ್ಗೆ ಕೇಳಿದಾಗಲೂ ಹಾಗೆಯೇ. "ಬೊಂಬಾಯಗೆ ಇದ್ರ್. ತಿಂಗ್ಳ್ ತಿಂಗ್ಳ್ ಕಳ್ಸ್ತ್ರ್."

ಹೆಸರು ಹೊಡೆದು ಹೋಯಿತು. ಸಂಜೆ ರಾಜೀವಿ ಬಸ್ಸು ಹತ್ತಿ ಒಬ್ಬಳೇ ಸುಗುಣಳ ಮನೆಗೆ ವಾಪಸು ಬಂದಳು. ಹೊಸಿಲು ದಾಟುವ ಮೊದಲೇ ಶುರು ಮಾಡಿದಳು.

"ನಿಂಗೆ ಬುದ್ಧಿ ಇತ್ತಾ ಹೆಣ್ಣೆ? ಆ ಟಿ.ವಿ. ಯಾರದ್ದ್?"

"ಅಪ್ಪಿ ಅಕ್ಕಂದ್." ಅಪ್ಪಿ ಪಕ್ಕದ ಮನೆಯವಳು, ಐವತ್ತು ದಾಟಿದ ಹೆಂಗಸು, ಕೇರಿಯ ಹಿರಿತಲೆ.

"ಕುರ್ಚಿ?"

"ಎರಡ್ ಅಪ್ಪಿ ಅಕ್ಕಂದ್, ನಾಲ್ಕ್ ಭಜನಾ ಮಂದಿರದ್ದ್."

"ಗಡಿಯಾರ?"

"ಅದ್ ಸಹ ಅಪ್ಪಿ ಅಕ್ಕಂದೇ. ಹಾಳಾಯಿ ನಿಂತಿತ್, ಆದ್ರೂ ಚಂದ ಕಾಂತಲೆ?"

ರಾಜೀವಿಗೆ ಹಣೆ ಚಚ್ಚಿಕೊಳ್ಳಬೇಕೆನಿಸಿತು. ಒಂದು ವರ್ಷ ಹೋಯಿತಲ್ಲ, ಕೆಟ್ಟುನಿಂತ ಗಡಿಯಾರಕ್ಕಾಗಿ ಒಂದು ಮಗುವಿನ ಒಂದು ವರ್ಷ! ಅವಳು ಕೂಗಾಡಿದಳು. ಸುಗುಣ ಎಲ್ಲವನ್ನೂ ಕೇಳಿಸಿಕೊಂಡು, "ಕುಂದಾಪ್ರದಿಂದ ಬಂದರ್ನ ನೆಲದ್ ಮೇಲ್ ಕೂರ್ಸುಕ್ ಆತ್ತಾ ಅಕ್ಕ?" ಎಂದಷ್ಟೇ ಕೇಳಿದಳು. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು.

ಆ ವರ್ಷವಿಡೀ ರಾಜೀವಿ ಅಧ್ಯಕ್ಷರ ಮನೆಗಳಿಗೆ ಅಲೆದು, ಆ ಹೆಸರನ್ನು ಇನ್ನೊಮ್ಮೆ ನೋಡಲೇಬೇಕೆಂದು ಹಟ ಹಿಡಿದಳು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬಂತೆ ಹತ್ತು ಮಂದಿ ಒಪ್ಪಿದರೆ ಹನ್ನೊಂದನೆಯವರು ನಿಯಮ ತೋರಿಸುತ್ತಿದ್ದರು. ಕಡೆಗೆ ಪ್ರಭಾವತಿ ಟೀಚರು ಬೆನ್ನಿಗೆ ನಿಂತ ಮೇಲೆ ರವಿಚಂದ್ರ ಸರಿ ಎಂದರು. 2001ರ ಫೆಬ್ರವರಿಯಲ್ಲಿ ಎರಡನೆಯ ಭೇಟಿ. ಜೂನಿನಲ್ಲಿ ಶಾಲೆ ಶುರು. ಜುಲೈಯಲ್ಲಿ ಶ್ರೀಲತಾಳಿಗೆ ಏಳು ತುಂಬುತ್ತದೆ. ಇದು ತಪ್ಪಿದರೆ ಆ ಹುಡುಗಿಗೆ ಅಕ್ಷರವೂ ಇಲ್ಲ, ಭಾಷೆಯೂ ಇಲ್ಲ, ಅಮ್ಮನ ಬುಟ್ಟಿಯೇ ಗತಿ.

ಹಿಂದಿನ ದಿನವೇ ರಾಜೀವಿ ನಾವುಂದಕ್ಕೆ ಹೋದಳು.

"ನಾಳೆ ಈ ಮನಿಯಗೆ ಒಂದ್ ಕುರ್ಚಿ ಕಂಡ್ರೂ ನಾನ್ ನಿನ್ನ ಮೆಟ್ಲ್ ಹತ್ತುದಿಲ್ಲ. ಗೊತ್ತಾಯ್ತಾ?"

"ಆಯ್ತ್. ಚಾ?"

"ಚಾ ಬೇಡ."

"ಒಂದೊಂದ್ ಎಳೆ ಬೊಂಡ ಆದ್ರೂ..."

"ಬೊಂಡವೂ ಬೇಡ ಮಾರಾಯ್ತಿ!"

"ಬರೀ ನೀರ್ ಕೊಡುದಾ ಹಂಗಾರೆ? ಬೆಲ್ಲ ಸಹ ಇಲ್ದೆ?"

"ಬೆಲ್ಲ ಕೊಡ್. ಬೆಲ್ಲಕ್ಕೆ ಫಾರಮಗೆ ಜಾಗ ಇಲ್ಲೆ." ರಾಜೀವಿ ದನಿ ತಗ್ಗಿಸಿದಳು. "ಗಂಡಂದ್ ಕೇಂಡ್ರೆ, ಸುದ್ದಿ ಇಲ್ಲೆ ಅಂದೇಳ್ ಹೇಳ್. ಅಷ್ಟೇ ಸಾಕ್. ಬೇರೆ ಎಂತದೂ ಬೇಡ."

ಸುಗುಣ ನೆಲ ನೋಡುತ್ತ ತಲೆಯಾಡಿಸಿದಳು. ರಾಜೀವಿಗೆ ಆ ತಲೆಯಾಡಿಸುವಿಕೆ ಸಾಕಾಯಿತು. ಸಾಕಾಗಬಾರದಿತ್ತು.

ಮರುದಿನ ಮನೆ ನಿಜಕ್ಕೂ ಖಾಲಿಯಾಗಿತ್ತು. ಒಂದು ಚಾಪೆ, ಒಂದು ಹಗ್ಗದ ಮೇಲೆ ಬಟ್ಟೆ, ಮೂಲೆಯಲ್ಲಿ ಮಗುಚಿಟ್ಟ ಬುಟ್ಟಿ. ರಾಜೀವಿ ಮನಸ್ಸಿನಲ್ಲೇ ದೇವರಿಗೊಂದು ತೆಂಗಿನಕಾಯಿ ಹೇಳಿಕೊಂಡಳು. ರವಿಚಂದ್ರ ಪಂಚೆ ಎತ್ತಿ, ಮಂಡಿ ಹಿಡಿದುಕೊಂಡು, ಚಾಪೆಯ ಮೇಲೆ ಕೂರಲು ಬಗ್ಗಿದರು.

ಬೇಲಿಯಾಚೆಯಿಂದ ಅಪ್ಪಿ ಇದನ್ನು ಕಂಡಳು.

"ಅಯ್ಯಯ್ಯೋ! ಎಂತದಿದ್ ಸುಗುಣ? ಮನಿಗೆ ಬಂದರ್ ನೆಲದ್ ಮೇಲ್ ಕೂಕಂತ್ರಾ? ನಾವ್ ಸತ್ತೋಯಿತಾ?"

ಆಮೇಲೆ ನಡೆದದ್ದನ್ನು ತಡೆಯಲು ಪೊಲೀಸರಿಂದಲೂ ಆಗುತ್ತಿರಲಿಲ್ಲ. ಅಪ್ಪಿ ಎರಡು ಕುರ್ಚಿ ತಂದಳು. ಅವಳ ಹಿಂದೆ ಇನ್ನೊಬ್ಬಳು, ಮತ್ತೊಬ್ಬಳು, ತಲೆಯ ಮೇಲೆ ಕುರ್ಚಿ, ಕೈಯಲ್ಲಿ ಎಳನೀರಿನ ಬೊಂಡ, ಯಾರದೋ ಮನೆಯ ಮೇಜು ಫ್ಯಾನು. ಫ್ಯಾನಿನ ವೈರು ಚುಚ್ಚಲು ಆ ಮನೆಯಲ್ಲಿ ಕರೆಂಟೇ ಇರಲಿಲ್ಲ, ಆದರೂ ಅದನ್ನು ರವಿಚಂದ್ರರ ಮುಖಕ್ಕೆ ತಿರುಗಿಸಿ ಇಟ್ಟರು. ರಾಜೀವಿ ಬಾಗಿಲಿಗೆ ಅಡ್ಡ ನಿಂತು, "ಬೇಡ, ಬೇಡ, ತಕಂಡ್ ಹೋಯ್ನಿ" ಎಂದು ಹಲ್ಲು ಕಡಿಯುತ್ತಿದ್ದರೆ, ಅವರು ಅವಳ ಕಂಕುಳ ಸಂದಿಯಿಂದ ಕುರ್ಚಿ ದಾಟಿಸಿದರು. ಎಲ್ಲ ಪ್ರೀತಿಯಿಂದಲೇ. ಅದೇ ಅವಳ ಹೊಟ್ಟೆ ಉರಿಸಿದ್ದು.

ರವಿಚಂದ್ರ ಕುರ್ಚಿಯಲ್ಲಿ ಕೂತು, ಬೊಂಡ ಕುಡಿದು, ಪೆನ್ನು ತೆಗೆದರು. "ಗಂಡ ಎಲ್ಲಿ ಇದ್ದ ಅಮ್ಮ?"

ಬಾಗಿಲಲ್ಲಿ ಇಡೀ ಕೇರಿ ನಿಂತಿತ್ತು. ಸುಗುಣ ರಾಜೀವಿಯನ್ನು ನೋಡಿದಳು, ಕೇರಿಯನ್ನು ನೋಡಿದಳು.

"ಬೊಂಬಾಯಗೆ ಇದ್ರ್ ಧನಿಗಳೆ. ಕಳ್ಸ್ತ್ರ್."

"ಕಳ್ಸುದಿಲ್ಯಾ ಮತ್ತೆ?" ಎಂದಳು ಅಪ್ಪಿ, ಯಾರೂ ಕೇಳದಿದ್ದರೂ. "ಮೊನ್ನೆ ಸಹ ಮನಿಯಾರ್ಡರ್ ಬಂದಿತ್. ನಾನೇ ಕಂಡಿದೆ."

ರವಿಚಂದ್ರ ಪೆನ್ನಿನ ಟೊಪ್ಪಿ ಹಾಕಿದರು. ಕೆಟ್ಟ ಮನುಷ್ಯರಲ್ಲ, ಮೃದುವಾಗಿಯೇ ಹೇಳಿದರು. "ಕಾಣಿ ರಾಜೀವಿ, ಗಂಡ ದುಡಿತ. ಕೇರಿಯರ್ ಇಷ್ಟ್ ಚಂದ ಕಾಂತ್ರ್. ಇವ್ರಿಗಿಂತ ಕಷ್ಟದರ್ ಎಷ್ಟ್ ಜನ ಇದ್ರ್. ನಾವ್ ಅವ್ರನ್ನ ಕಾಣ್ಕ್, ಅಲ್ದಾ?"

ಇಷ್ಟು ವರ್ಷದ ಬಸ್ಸು, ಬಿಸಿಲು, ಸಭೆ, ಬ್ಯಾನರು, ಫಾರಮು ಎಲ್ಲ ಒಟ್ಟಿಗೆ ರಾಜೀವಿಯ ಗಂಟಲಿಗೆ ಬಂದವು.

"ಎಂತ ಕಳ್ಸ್ತ ಅವ?" ಎಂದು ಕಿರುಚಿದಳು. "ನಾಲ್ಕ್ ವರ್ಷ ಆಯ್ತ್, ಒಂದ್ ಕಾಗ್ದ ಇಲ್ಲೆ! ಭಾಂಡುಪಗೆ ಬೇರೆ ಹೆಂಡ್ತಿ ಇತ್ತ್ ಅವ್ನಿಗೆ, ಎರಡ್ ಮಕ್ಕಳ್ ಇತ್ತ್. ಈ ಕುರ್ಚಿ ಇವ್ಳದ್ದಲ್ಲ, ಈ ಫ್ಯಾನ್ ಇವ್ಳದ್ದಲ್ಲ, ಆ ಗಂಡ ಸಹ ಇವ್ಳದ್ದಲ್ಲ! ಬರ್ಕಣಿ! ನಿಮ್ಮ ಫಾರಮಗೆ ಅದನ್ನ್ ಬರ್ಕಣಿ!"

ರವಿಚಂದ್ರ ಕೂತ ಕುರ್ಚಿ ಕಾದಂತೆ ಎದ್ದು ನಿಂತರು. ಸುಗುಣ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತ ಗೋಡೆಗೆ ಆತು ನಿಂತಿದ್ದಳು. ಶ್ರೀಲತಾ ಮಾತ್ರ, ರಾಜೀವಿ ಕೈ ಬೀಸಿದ್ದನ್ನು ಕಂಡು ಏನೋ ಆಟವೆಂದು ನಕ್ಕು, ತಾನೂ ಹಾಗೆಯೇ ಕೈ ಬೀಸಿತು. ಪ್ರಭಾವತಿ ಟೀಚರು ಮಗುವನ್ನು ಎತ್ತಿಕೊಂಡು ಅಂಗಳಕ್ಕೆ ಹೋದರು. ಅಪ್ಪಿ ತನ್ನ ಎರಡು ಕುರ್ಚಿಗಳನ್ನು ತೆಗೆದುಕೊಂಡು, ರಾಜೀವಿಯ ಮುಖ ನೋಡದೆ, ಬೇಲಿ ದಾಟಿದಳು.

ಹೆಸರು ಪಾಸಾಯಿತು. ಮೇ ತಿಂಗಳಲ್ಲಿ ರಾಜೀವಿ ಆದೇಶದ ಕಾಗದ ಹಿಡಿದುಕೊಂಡು ಹೋದಾಗ ಅವಳಿಗೆ ಹೆಮ್ಮೆಯೇ ಇತ್ತು. ಒಳ್ಳೆಯದಕ್ಕಾಗಿ ಒಂದು ಆಣೆ ಮುರಿದರೆ ದೇವರು ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ ಎಂದು ದಾರಿಯಿಡೀ ತನಗೆ ತಾನೇ ಹೇಳಿಕೊಂಡು ಬಂದಿದ್ದಳು. ಸುಗುಣ ಬಾಗಿಲಲ್ಲೇ ಕಾಗದ ತೆಗೆದುಕೊಂಡಳು, ತೋರಿಸಿದಲ್ಲಿ ಸಹಿ ಹಾಕಿದಳು. ಒಳಗೆ ಬನ್ನಿ ಎನ್ನಲಿಲ್ಲ.

"ನಿನ್ನ ಮಗ್ಳಿಗೋಸ್ಕರ ಹೇಳ್ದೆ ಸುಗುಣ," ಎಂದಳು ರಾಜೀವಿ. "ಕೇರಿಯರಿಗೆ ಗೊತ್ತಾಯ್ತ್ ಅಂದೇಳಿ ಬೇಜಾರ್ ಮಾಡ್ಕಣಬೇಡ."

"ಕೇರಿಯರಿಗೆ ಮೊದ್ಲೇ ಗೊತ್ತಿತ್ತ್ ರಾಜೀವಕ್ಕ," ಎಂದಳು ಸುಗುಣ. "ಅವ್ರಿಗೆ ಗೊತ್ತಿತ್ತ್ ಅಂದೇಳಿ ನಂಗೂ ಗೊತ್ತಿತ್ತ್. ಆದ್ರೂ ನಾಲ್ಕ್ ವರ್ಷ ಒಬ್ರೂ ಬಾಯಿ ಬಿಡ್ಲಿಲ್ಲ. ಅಷ್ಟ್ ಜನ ಸೇರಿ ಹಿಡ್ಕಂಡದ್ದನ್ನ ನೀವ್ ಒಬ್ರೇ ಬೀಳ್ಸ್ದ್ರಿ."

ಅದೇ ಕೊನೆಯ ಮಾತು. ಆಮೇಲೆ ಹನ್ನೆರಡು ವರ್ಷ ಸುಗುಣ ಅವಳ ಜೊತೆ ಮಾತಾಡಲಿಲ್ಲ. ನಾವುಂದದ ಬಸ್ ನಿಲ್ದಾಣದಲ್ಲಿ ಎದುರಾದರೆ ಬುಟ್ಟಿಯನ್ನು ಇನ್ನೊಂದು ಕಂಕುಳಿಗೆ ದಾಟಿಸಿ ರಸ್ತೆಯ ಆಚೆ ಬದಿಗೆ ಹೋಗುತ್ತಿದ್ದಳು. ಶಾಲೆಯ ಕಾಗದಗಳು ಅಂಚೆಯಲ್ಲಿ ಬರುತ್ತಿದ್ದವು, ಅಂಚೆಯಲ್ಲೇ ಹೋಗುತ್ತಿದ್ದವು.

ರಾಜೀವಿಗೆ ಇದು ಅನ್ಯಾಯವೆಂದೇ ಅನಿಸುತ್ತಿತ್ತು. "ನಾನ್ ಎಂತ ತಪ್ಪ್ ಮಾಡಿದೆ?" ಎಂದು ಶೇಖರನಿಗೆ ಫೋನಿನಲ್ಲಿ ಕೇಳುತ್ತಿದ್ದಳು. "ತಪ್ಪಲ್ಲ. ಆದ್ರೂ ಕೇರಿ ಎದ್ರ್ ಹೇಳುದ್ ಬೇಡ ಇದ್ದಿತ್" ಎಂದು ಆತ ಒಮ್ಮೆ ಹೇಳಿದ್ದಕ್ಕೆ ಫೋನು ಕುಕ್ಕಿ ಒಂದು ವಾರ ಮಾತು ಬಿಟ್ಟಳು. ಆದರೆ ಮುಂದಿನ ಸಭೆಯಲ್ಲಿ ಎದ್ದು ನಿಂತು, ಇನ್ನು ಮುಂದೆ ಜೀಪು ಬೇಡ, ಸಮಿತಿ ಬೇಡ, ಫಾರಮು ಹಿಡಿದುಕೊಂಡು ಯಾರ ಮನೆಗೂ ಹೋಗುವುದು ಬೇಡ, ನಾನೊಬ್ಬಳೇ ನಡೆದು ಹೋಗಿ ನೋಡಿ ಬರುತ್ತೇನೆ ಎಂದಳು. ರವಿಚಂದ್ರ ವಾದ ಮಾಡಲಿಲ್ಲ. ಉಳಿದಿದ್ದ ಫಾರಮುಗಳನ್ನು ಅವರೇ ಅಂಗಡಿಗೆ ಒಯ್ದು ಹಿಂಬದಿಯಲ್ಲಿ ಬಿಲ್ಲು ಬರೆಯಲು ಇಟ್ಟುಕೊಂಡರು. ರಾಜೀವಿ ಮೀನು ಕೊಳ್ಳುವ ನೆಪದಲ್ಲಿ, ಹೂವಿನ ಗಿಡದ ಕೊಂಬೆ ಕೇಳುವ ನೆಪದಲ್ಲಿ ಮನೆಗಳ ಹಿಂಬಾಗಿಲಿಗೆ ಹೋಗತೊಡಗಿದಳು. ಅಡುಗೆಮನೆಯಲ್ಲಿ ಯಾರೂ ಎರವಲು ಕುರ್ಚಿ ಇಡುವುದಿಲ್ಲ. ಹೆಂಚು, ಔಷಧಿ, ಶಾಲೆಯ ಚೀಲ, ಕನ್ನಡಕ, ಬೇಕಾದಲ್ಲಿಗೆ ಸದ್ದಿಲ್ಲದೆ ಹೋಗಿ ಮುಟ್ಟಿದವು. ಬ್ಯಾನರಿನವರು ಮಾತ್ರ ಫೋಟೋ ಇಲ್ಲವೆಂದು ಗೊಣಗುವುದನ್ನು ಬಿಡಲಿಲ್ಲ.

2013ರಲ್ಲಿ, ಮಳೆ ಹಿಡಿಯುವ ಮೊದಲು, ಕೂಟದ ಕೋಣೆಗೆ ಒಬ್ಬಳು ಹುಡುಗಿ ಬಂದಳು. ಕಿವಿಯ ಹಿಂದೆ ಯಂತ್ರ, ಕೈಯಲ್ಲಿ ತುಂಬಿದ ಅರ್ಜಿ. ಬ್ರಹ್ಮಾವರದಲ್ಲಿ ಕೂಟದ ಹನ್ನೊಂದು ಸಂಸ್ಥೆಗಳಲ್ಲೊಂದು ಕಂಪ್ಯೂಟರ್ ತರಬೇತಿ ಶುರು ಮಾಡಿತ್ತು, ಇಪ್ಪತ್ತು ಜನಕ್ಕೆ ಜಾಗ, ಮನೆಯ ವರಮಾನ ಕಡಿಮೆ ಇರುವವರಿಗೆ ಮಾತ್ರ. ಹುಡುಗಿ ಅರ್ಜಿ ಕೊಟ್ಟು, ಪುಟ್ಟ ನೋಟ್ ಪುಸ್ತಕ ತೆಗೆದು, ದುಂಡಗಿನ ಅಕ್ಷರದಲ್ಲಿ ಬರೆದಳು: 'ನನಗೆ ಕೇಳಿಸುವುದಿಲ್ಲ. ದಯವಿಟ್ಟು ಬರೆದು ತೋರಿಸಿ.'

ರಾಜೀವಿ ಅರ್ಜಿಯ ಮೇಲಿನ ಹೆಸರು ನೋಡಿದಳು. ಶ್ರೀಲತಾ, ನಾವುಂದ. ಹುಡುಗಿಗೆ ಇವಳು ಯಾರೆಂದು ಗೊತ್ತಿರಲಿಲ್ಲ. ಹೇಗೆ ಗೊತ್ತಿರಬೇಕು? ಆ ಮನೆಯಲ್ಲಿ ರಾಜೀವಿಯ ಹೆಸರೆತ್ತುವವರೇ ಇರಲಿಲ್ಲ. ಅವಳು ಕೆಳಗೆ ಓದಿದಳು. ತಾಯಿ: ಸುಗುಣ, ಮೀನು ವ್ಯಾಪಾರ. ತಂದೆ: ಮುತ್ತ. ತಂದೆಯ ವರಮಾನ ಎಂಬಲ್ಲಿ ಅದೇ ದುಂಡಗಿನ ಅಕ್ಷರ: 'ಮುಂಬೈಯಲ್ಲಿ ಕೆಲಸ. ಪ್ರತಿ ತಿಂಗಳು ಕಳಿಸುತ್ತಾರೆ.'

ಅಯ್ಯೋ ಕರ್ಮವೇ, ಮತ್ತೆ ಅದೇ! ರಾಜೀವಿಗೆ ಕೂತಲ್ಲೇ ತಲೆ ಚಿಟ್ಟು ಹಿಡಿಯಿತು. ಈ ಒಂದು ಸಾಲಿಗೇ ಅರ್ಜಿ ಬಿದ್ದುಹೋಗುತ್ತದೆ. ತಾಯಿಯೇ ಹೀಗೆ, ಈಗ ಮಗಳೂ ಹೀಗೆ! ಪೆನ್ನು ಎತ್ತಿಕೊಂಡಳು, ಹೊಡೆದು ಹಾಕಿ ಸರಿ ಮಾಡಲಿಕ್ಕೆ.

ಆಗ ಅವಳಿಗೆ ತಿಳಿಯಿತು. ಹುಡುಗಿ ಸುಳ್ಳು ಬರೆದಿರಲಿಲ್ಲ. ಅಂದು ಆ ಮನೆಯಲ್ಲಿ ರಾಜೀವಿ ಕಿರುಚಿದ್ದನ್ನು ಇಡೀ ಕೇರಿ ಕೇಳಿತ್ತು, ಈ ಮಗು ಒಂದನ್ನು ಬಿಟ್ಟು. ಆಮೇಲೆ ಹನ್ನೆರಡು ವರ್ಷ ಸುಗುಣ, ಅಪ್ಪಿ, ಕೇರಿಯ ಒಬ್ಬೊಬ್ಬರೂ ಬಿದ್ದದ್ದನ್ನು ಎತ್ತಿ, ಒರೆಸಿ, ಇವಳೊಬ್ಬಳಿಗಾಗಿ ಹಾಗೆಯೇ ಹಿಡಿದುಕೊಂಡಿದ್ದರು. ರಜೆಗೆ ಮನೆಗೆ ಬಂದಾಗ ಹೊಸ ಬಟ್ಟೆ ತೋರಿಸಿ, ಅಪ್ಪ ಕಳಿಸಿದ್ದು ಎಂದು ಸನ್ನೆ ಮಾಡಿರಬೇಕು.

ರಾಜೀವಿ ತಲೆಯೆತ್ತಿದರೆ ಶ್ರೀಲತಾ ಅವಳ ಮುಖವನ್ನೇ ನೋಡುತ್ತಿದ್ದಳು, ರೆಪ್ಪೆ ಬಡಿಯದೆ. ಇವಳ ಎದುರು ಬಾಯಿ ಮುಚ್ಚಿಕೊಂಡರೆ ಸಾಲದು, ಮುಖವನ್ನೂ ಮುಚ್ಚಿಕೊಳ್ಳಬೇಕು. ಜನ್ಮದಲ್ಲಿ ಒಮ್ಮೆಯೂ ಮುಖದ ಮೇಲಿನ ಸಿಟ್ಟನ್ನು ಅಡಗಿಸದ ಹೆಂಗಸು ಆ ಹೊತ್ತು ಎಷ್ಟು ಕಷ್ಟಪಟ್ಟಳೆಂದು ದೇವರಿಗೇ ಗೊತ್ತು. ಹುಡುಗಿಗೆ ಏನೋ ಅನುಮಾನ ಬಂತು. ನೋಟ್ ಪುಸ್ತಕ ತೆಗೆದು ಬರೆದಳು: 'ನಮ್ಮ ಅಪ್ಪ ನಿಮಗೆ ಗೊತ್ತಾ?'

ರಾಜೀವಿ ಪೆನ್ನು ಕೆಳಗಿಟ್ಟು ಕೂಟದ ರಬ್ಬರ್ ಸ್ಟಾಂಪು ತೆಗೆದುಕೊಂಡಳು. ಶಾಯಿಯಲ್ಲಿ ಚೆನ್ನಾಗಿ ಅದ್ದಿ, ತಂದೆಯ ವರಮಾನ ಎಂಬ ಜಾಗದ ಮೇಲೆಯೇ, ಒಂದಕ್ಷರವೂ ಓದಲಾಗದ ಹಾಗೆ ಒತ್ತಿದಳು. ಕೇಳಿದವರಿಗೆ ಕೈ ತಪ್ಪಿತು ಎಂದರಾಯಿತು. ವರಮಾನದ ಸಂಗತಿಗೆ ತಾನೇ ಬ್ರಹ್ಮಾವರಕ್ಕೆ ಹೋಗಿ, ಬಾಗಿಲು ಹಾಕಿಸಿ, ಒಬ್ಬರ ಕಿವಿಯಲ್ಲಿ ಮಾತ್ರ ಹೇಳಿ ಬರಬೇಕು.

ಆಮೇಲೆ ನೋಟ್ ಪುಸ್ತಕವನ್ನು ತನ್ನ ಕಡೆ ಎಳೆದುಕೊಂಡು ಬರೆದಳು: 'ಗೊತ್ತು. ಒಳ್ಳೆಯವರು. ನಿನ್ನ ಮೇಲೆ ತುಂಬ ಪ್ರೀತಿ.' ಮೂರು ಸುಳ್ಳು.

ಶ್ರೀಲತಾ ಅದನ್ನು ಎರಡು ಸಲ ಓದಿದಳು. ಮುಖ ಅರಳಿತು. ಎದುರಿದ್ದವಳತ್ತ ಬೆರಳು ತೋರಿಸಿ, ನಿಮ್ಮ ಹೆಸರು, ಎಂದು ಸನ್ನೆ ಮಾಡಿದಳು. ರಾಜೀವಿ ಒಂದು ಗಳಿಗೆ ತಡೆದು, ಆ ಸಾಲಿನ ಕೆಳಗೆ ಬರೆದಳು: 'ರಾಜೀವಿ, ತೆಕ್ಕಟ್ಟೆ.'

ಹುಡುಗಿ ಆ ಹಾಳೆಯನ್ನು ಜೋಪಾನವಾಗಿ ಹರಿದು, ನಾಲ್ಕಾಗಿ ಮಡಚಿ ಚೀಲದಲ್ಲಿ ಹಾಕಿಕೊಂಡಳು. ಅಮ್ಮನಿಗೆ ತೋರಿಸುತ್ತೇನೆ ಎಂದು ಸನ್ನೆಯಲ್ಲಿ ಹೇಳಿ, ಮೆಟ್ಟಿಲಿಳಿದು ಬಸ್ಸಿಗೆ ಹೋದಳು.